ಐದು ಹೆಂಗಸರ ನೆಗೆಟಿವ್

ನರ್ಸಬಾಯಿ ಆ ಪಟ್ಟಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಎರಡು ಬೆರಳಿನಿಂದ ಅಂಚು ಹಿಡಿದು, ಅಂಗಡಿಯ ಟ್ಯೂಬ್‌ಲೈಟಿಗೆ ಎದುರಾಗಿ ಎತ್ತಿ, "ಇಲ್ಲೇ ನೋಡ್ರಿ ಅಕ್ಕಾರ" ಎಂದರು. ಜೇನುಬಣ್ಣದ ಕಲರ್ ನೆಗೆಟಿವ್, ನಾಲ್ಕು ಚೌಕಗಳ ತುಂಡು. ಮೂರು ಚೌಕಗಳಲ್ಲಿ ಯಾವುದೋ ಮದುವೆಯ ಹಂದರ, ಜನರ ಬೆನ್ನು, ಊಟದ ಪಂಕ್ತಿ. ತುದಿಯ ಚೌಕದಲ್ಲಿ ಜಮಖಾನೆಯ ಮೇಲೆ ಸಾಲಾಗಿ ಕುಳಿತ ಐದು ಹೆಂಗಸರು. ನೆಗೆಟಿವ್ ಅಂದ ಮೇಲೆ ಎಲ್ಲ ತಿರುಗುಮುರುಗು, ಮುಖ ಕಪ್ಪು, ಕೂದಲು ಬೆಳ್ಳಗೆ.

"ಈ ಐದು ಮಂದ್ಯಾಗ ಒಬ್ಬಾಕಿ ನಮ್ಮವ್ವರಿ. ಯಾವಾಕಿ ಅಂತ ನನಗ ಗೊತ್ತಿಲ್ಲ."

ಅವರು ತಿಕೋಟಾದಲ್ಲಿ ನರ್ಸ್. ಅವರಿನ್ನೂ ಅಂಬೆಗಾಲಿಡುವ ಮೊದಲೇ ತಾಯಿ ತೀರಿಕೊಂಡಿದ್ದರಂತೆ. ಮನೆಯಲ್ಲಿ ತಾಯಿಯ ಒಂದೂ ಫೋಟೋ ಇರಲಿಲ್ಲ. ತಂದೆ ಆ ಮಾತೇ ಎತ್ತದೆ ಬದುಕಿ, ಆ ಮಾತೇ ಎತ್ತದೆ ಹೋದರು. ಮನೆ ಬದಲಿಸುವಾಗ ಗುಂಡಿ, ಪಿನ್ನು ತುಂಬಿದ್ದ ಒಂದು ತಗಡಿನ ಡಬ್ಬಿಯಲ್ಲಿ ಈ ಪಟ್ಟಿ ಸಿಕ್ಕಿತು. ಆ ಮದುವೆಯ ಆಲ್ಬಮ್ ಗೆದ್ದಲು ತಿಂದು ಎಷ್ಟೋ ವರ್ಷ ಆಗಿತ್ತು. ಆ ಐವರಲ್ಲಿ ಯಾರು ಯಾರು ಎಂದು ಹೇಳಬಲ್ಲವರು ಈಗ ಒಬ್ಬರೇ, ಕಾಖಂಡಕಿಯಲ್ಲಿರುವ ದೊಡ್ಡವ್ವ, ತಾಯಿಯ ಅಕ್ಕ. ಆ ಮದುವೆಯಲ್ಲಿ ಹೆಂಗಸರ ಸಾಲಿನಲ್ಲಿ ತಾಯಿಯನ್ನೂ ಕೂರಿಸಿ ಫೋಟೋ ತೆಗೆದಿದ್ದರು ಎಂದು ಹೇಳಿದ್ದೂ ಅವರೇ.

"ಆಕಿಗೆ ಕಣ್ಣಿನ ಒತ್ತಡದ ಬ್ಯಾನಿ ಆಗೇತ್ರಿ. ಒಂದ ಕಣ್ಣ ಹೋಗೇತಿ. ಇನ್ನೊಂದು ದಿನಾ ಸಣ್ಣ ಆಗಾಕತ್ತೈತಿ. ಹೋದದ್ದು ತಿರುಗಿ ಬರೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಆಕಿ ಕಣ್ಣ ಪೂರ್ತಿ ಮುಚ್ಚೂದ್ರಾಗ ನನಗ ಈ ಫೋಟೋ ಬೇಕು."

ಇಷ್ಟು ಹೇಳಿ ಅವರು ಪಟ್ಟಿಯನ್ನು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ ಮತ್ತೆ ಪರ್ಸಿಗೆ ಹಾಕಿಕೊಂಡರು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ನನ್ನ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಲ್ಯಾಮಿನೇಶನ್, ಕಂಪ್ಯೂಟರ್ ರಿಪೇರಿ ಎಲ್ಲ ನಡೆಯುತ್ತದೆ. ನನ್ನದು ನಿಂತಲ್ಲಿ ನಿಲ್ಲದ ಸ್ವಭಾವ. ಒಂದು ಕೆಲಸ ತಲೆಗೆ ಹೊಕ್ಕರೆ ಅದು ಮುಗಿಯುವವರೆಗೆ ಊಟ ರುಚಿಸುವುದಿಲ್ಲ, ಮನೆಯವರ ಮೇಲೆ ಸಿಡುಕುತ್ತೇನೆ, ಚಹಾದ ಮೇಲೆ ಚಹಾ ಕುಡಿಯುತ್ತೇನೆ. "ನಾಳೆ ಬರ್ರಿ" ಎನ್ನುವ ಮಾತು ನನ್ನ ಬಾಯಿಂದ ಬರುವುದು ಕಡಿಮೆ. ಅವತ್ತೇ ಕುಳಿತೆ.

ಅಂಗಡಿಯ ಚಪ್ಪಟೆ ಸ್ಕ್ಯಾನರ್ ಕಾಗದ ಓದಬಲ್ಲದು, ಫಿಲ್ಮ್ ಅದಕ್ಕೆ ಗೊತ್ತಿಲ್ಲ. ಕರಿಯ ಕಲೆ ಬಿಟ್ಟು ಏನೂ ಬರಲಿಲ್ಲ. ಫೋನಿನ ಪರದೆಯನ್ನೇ ಬೆಳ್ಳಗೆ ಮಾಡಿ, ಅದರ ಮೇಲೆ ಪಟ್ಟಿ ಇಟ್ಟು, ಇನ್ನೊಂದು ಫೋನಿನಿಂದ ಫೋಟೋ ತೆಗೆದು ಬಣ್ಣ ತಿರುಗಿಸಿದೆ. ಹಂದರ ಬಂತು, ಸೀರೆಯ ಬಣ್ಣ ಬಂತು, ಮುಖ ಮಾತ್ರ ಕಲಸಿದ ಹಿಟ್ಟು. ಫೋಟೋ ತೆಗೆದವನು ಬೆಳಕು ಕಡಿಮೆ ಕೊಟ್ಟಿದ್ದ. ಒಂದೊಂದು ಮುಖ ಅಕ್ಕಿಕಾಳಿಗಿಂತ ಸಣ್ಣದು. ಅದನ್ನೇ ಕಾಖಂಡಕಿಗೆ ಫೋನಿನಲ್ಲಿ ಕಳಿಸಿದರು. ದೊಡ್ಡವ್ವ, "ಎಲ್ಲಾರೂ ಒಂದ ನಮೂನಿ ಕಾಣಾಕತ್ತಾರ, ಯವ್ವಾ" ಎಂದರಂತೆ.

ಆಗ ನಾನು ಒಂದು ಹುಂಬತನ ಮಾಡಿದೆ. ಹಳೇ ಗುರುತಿನ ಚೀಟಿಯ ಮುಖ ಚೊಕ್ಕ ಮಾಡುವ ಆ್ಯಪ್ ಒಂದು ನನ್ನ ಫೋನಿನಲ್ಲಿದೆ. ದಿನಾ ಬಳಸುತ್ತೇನೆ. ಐವರಲ್ಲಿ ಮೂರನೆಯಾಕೆಯ ಕಡೆ ನರ್ಸಬಾಯಿ ಮತ್ತೆ ಮತ್ತೆ ಬೆರಳು ತೋರಿಸುತ್ತಿದ್ದರು. ಆಕೆ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಳು. ಆ ಮುಖವನ್ನು ಆ್ಯಪಿಗೆ ಕೊಟ್ಟೆ. ಚಕ್ಕನೆ ಒಂದು ಮುಖ ಬಂತು, ಧಾರಾವಾಹಿಯ ಹಿರಿಸೊಸೆಯ ಹಾಗೆ, ತಿದ್ದಿದ ಹುಬ್ಬು, ಬೆಳ್ಳನೆ ಗಲ್ಲ. ನರ್ಸಬಾಯಿ ಉಸಿರು ಹಿಡಿದು ನೋಡಿದರು. ಇನ್ನೂ ಚೆಂದ ಬರಲಿ ಎಂದು ನಾನು ಮತ್ತೊಮ್ಮೆ ಒತ್ತಿದೆ. ಬೇರೆಯೇ ಒಂದು ಮುಖ ಬಂತು, ಇದೂ ಅಷ್ಟೇ ಚೊಕ್ಕ.

"ಹಿಂಗ ಎಷ್ಟ ಸಲ ಒತ್ತಿದ್ರ ಅಷ್ಟ ಅವ್ವಗೋಳು ಬರ್ತಾರೇನ್ರಿ?" ಎಂದರು ಅವರು.

ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನನಗೆ ನಾಚಿಕೆಯಾಯಿತು. ಫೋನು ಬೋರಲು ಹಾಕಿದೆ. "ಇದಕ್ಕಂತನ ಒಂದ ಮಶೀನ ಇರ್ತೈತ್ರಿ. ಫಿಲ್ಮ್ ಸ್ಕ್ಯಾನರ್. ಅದು ತನ್ನ ಕಡಿಂದ ಏನೂ ಸೇರಸೂದಿಲ್ಲ. ಫಿಲ್ಮಿನಾಗ ಇದ್ದದ್ದನ್ನ ಅಷ್ಟ ಕೊಡತೈತಿ. ಎಲ್ಲಿ ಐತಿ ಅಂತ ನನಗ ಗೊತ್ತೈತಿ" ಎಂದೆ. ದೊಡ್ಡ ಊರಿನ ಲ್ಯಾಬಿಗೆ ಕೊರಿಯರ್ ಮಾಡಬಹುದು ಎಂದೂ ಹೇಳಿದೆ. ಅವರು ಪರ್ಸನ್ನು ಎದೆಗೆ ಒತ್ತಿಕೊಂಡರು. ಆ ಮಾತು ಅಲ್ಲಿಗೇ ಮುಗಿಯಿತು.

ಮಶೀನ್ ಇದ್ದದ್ದು ಬಬಲೇಶ್ವರದ ಹೊರಗೆ, ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ. ನಾನು ಫೋಟೋ ತಿದ್ದುವುದನ್ನು ಕಲಿತ ಸ್ಟುಡಿಯೋದ ಮಾಲೀಕರು, ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮ್ ಸತ್ತ ಮೇಲೆ ಬಾಗಿಲು ಹಾಕಿ ದ್ರಾಕ್ಷಿ ಒಣಗಿಸುವ ದಂಧೆಗೆ ಇಳಿದವರು. ಹಸಿರು ಬಲೆಯ ಅಟ್ಟಗಳ ಮೇಲೆ ಒಣಗುತ್ತಿದ್ದ ದ್ರಾಕ್ಷಿಯ ಹುಳಿಸಿಹಿ ವಾಸನೆಯ ನಡುವೆ, ಖಾಲಿ ಕ್ರೇಟುಗಳ ಹಿಂದಿನಿಂದ ಅವರು ಪ್ಲಾಸ್ಟಿಕ್ ಸುತ್ತಿದ ಒಂದು ಪೆಟ್ಟಿಗೆ ಎಳೆದರು. ಒಳಗೆ ಸಿಡಿ ಡ್ರೈವಿನಷ್ಟೇ ಅಗಲ, ಅಷ್ಟೇ ದಪ್ಪದ ಮಶೀನ್. ಇದು ಮೇಜಿನ ಮೇಲೆ ಕೂರುವ ಜಾತಿಯದಲ್ಲ. ಸಿಡಿ ಡ್ರೈವ್ ಕೂರುವ ಜಾಗದಲ್ಲೇ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವಂಥದ್ದು. ಹೊರಗೆ ಕಾಣುವುದು ಅದರ ಬಾಯಿ ಮಾತ್ರ, ಫಿಲ್ಮ್ ತೂರಿಸುವ ಸಣ್ಣ ಸೀಳು.

"ಒಯ್ಯಿ ತಂಗಿ. ಆದ್ರ ಒಂದ ಮಾತು. ಚಾಲೂ ಆದ ದಿವ್ಸ ನನ್ನ ಕರಿ. ಪೂಜಿ ಮಾಡದ ಅದರಾಗ ಒಂದೂ ಫಿಲ್ಮ್ ಹಾಕಬ್ಯಾಡ."

ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಓಣಿಯಲ್ಲಿ ಝೆರಾಕ್ಸ್ ಮಶೀನಿಗೆ, ತೂಕದ ಕಾಟಾಕ್ಕೆ, ವೈಫೈ ಡಬ್ಬಿಗೂ ಕುಂಕುಮ ಬಿದ್ದ ಮೇಲೇ ಬೋಣಿಗೆ. ಆಗಲಿ ಎಂದು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಮೊದಲ ತೊಡಕು ಕಂಪ್ಯೂಟರಿನದೇ. ಈ ಸ್ಕ್ಯಾನರ್ ಮಾತಾಡುವುದು ಸ್ಕಝಿ ಎಂಬ ಹಳೇ ಪದ್ಧತಿಯಲ್ಲಿ. ಅದಕ್ಕೆ ಬೇರೆ ಕಾರ್ಡ್ ಬೇಕು, ಆ ಕಾರ್ಡ್ ಕೂರಿಸುವ ಸೀಳು ಈಗಿನ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅಟ್ಟದ ಮೇಲೆ ಬಿದ್ದಿದ್ದ, ಒಂದು ಕಾಲದಲ್ಲಿ ಮದುವೆ ಸಿಡಿ ಬರೆಯುತ್ತಿದ್ದ ಹಳೇ ಟವರ್ ಕಂಪ್ಯೂಟರ್ ಇಳಿಸಿದೆ. ಬ್ಯಾಟರಿ ಸತ್ತಿತ್ತು, ಹೊಸದು ಹಾಕಿದೆ. ಹಳೇ ಕಾಲದ ವಿಂಡೋಸ್ ಇನ್ನೂ ಅದರಲ್ಲಿ ಉಸಿರಾಡುತ್ತಿತ್ತು.

ಬದಿಯ ತಗಡು ಬಿಚ್ಚಿ, ಮುಂಭಾಗದ ಮುಚ್ಚಳ ಕಿತ್ತು, ಸ್ಕ್ಯಾನರನ್ನು ಒಳಗೆ ಸರಿಸಿದೆ. ಪಕ್ಕಕ್ಕೆ ಗಿಡ್ಡ ಸ್ಕ್ರೂಗಳನ್ನೇ ಆರಿಸಿ ಹಾಕಿದೆ. ಉದ್ದದ್ದು ಹಾಕಿದರೆ ತುದಿ ಒಳಗಿನ ಗಾಲಿಗೆ ತಾಗುತ್ತದೆ. ಸ್ಕ್ಯಾನರಿನ ಪೆಟ್ಟಿಗೆಯಲ್ಲೇ ಇದ್ದ ಕಾರ್ಡನ್ನು ಅದರ ಸೀಳಿಗೆ ಒತ್ತಿದೆ. ಐವತ್ತು ಎಳೆಯ ಚಪ್ಪಟೆ ಕೇಬಲ್ಲಿನ ಕೆಂಪು ಅಂಚನ್ನು ಎರಡೂ ಕಡೆ ಒಂದನೇ ಪಿನ್ನಿಗೆ ಹೊಂದಿಸಿದೆ, ಕರೆಂಟಿನ ಪ್ಲಗ್ ಸಿಕ್ಕಿಸಿದೆ. ಗುಂಡಿ ಒತ್ತಿದರೆ ಪರದೆ ಕಪ್ಪು, ಬರೀ ಕೀಂ ಕೀಂ. ಕಾರ್ಡಿನ ಕಾಲುಗಳು ಕಿಲುಬು ಹಿಡಿದಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ.

ಈಗ ಪರದೆ ಬಂತು, ಬಂದದ್ದು ನೋಡಿ ತಲೆ ಕೆಟ್ಟಿತು. ಕಾರ್ಡು ತನಗೆ ಅಂಟಿಕೊಂಡ ಮಶೀನುಗಳ ಹೆಸರು ತೋರಿಸುತ್ತದೆ. ಇದ್ದದ್ದು ಒಂದೇ ಸ್ಕ್ಯಾನರ್, ಪರದೆ ತುಂಬ ಅದರದೇ ಹೆಸರು, ಒಂದರ ಕೆಳಗೊಂದು. ಆ್ಯಪಿನ ಅವ್ವಂದಿರು ನೆನಪಾಗಿ ಮೈ ಉರಿಯಿತು. ಕೇಬಲ್ ಬದಲಿಸಿದೆ, ಸೀಳು ಬದಲಿಸಿದೆ, ಮನೆಯಿಂದ ಊಟಕ್ಕೆ ಬಂದ ಫೋನಿಗೆ ಗದರಿದೆ. ಕೊನೆಗೆ ಸ್ಕ್ಯಾನರಿನ ಹಿಂದಿನ ಸಣ್ಣ ಗಾಲಿ ಕಣ್ಣಿಗೆ ಬಿತ್ತು. ಈ ಪದ್ಧತಿಯಲ್ಲಿ ಪ್ರತಿ ಮಶೀನಿಗೂ ಒಂದು ನಂಬರ್, ಕಾರ್ಡಿಗೂ ಒಂದು ನಂಬರ್. ಎರಡೂ ಒಂದೇ ನಂಬರಿನಲ್ಲಿ ಕುಳಿತಿದ್ದವು. ಗಾಲಿ ತಿರುಗಿಸಿದ ಕೂಡಲೇ ಪರದೆಯ ಮೇಲೆ ಒಂದೇ ಹೆಸರು ಉಳಿಯಿತು.

ಆಮೇಲೆ, ಫಿಲ್ಮ್ ಹಾಕದೆ ಪರೀಕ್ಷೆಗೆಂದು ಮಾಡಿದ ಖಾಲಿ ಸ್ಕ್ಯಾನ್ ಅರ್ಧಕ್ಕೆ ಬಂದು ನಿಲ್ಲತೊಡಗಿತು. ಈ ಕೇಬಲ್ಲಿನ ಕೊನೆಗೆ ಟರ್ಮಿನೇಟರ್ ಎಂಬ ಗುಟ್ಟಿ ಹಾಕಬೇಕು. ಇಲ್ಲದಿದ್ದರೆ ಸಿಗ್ನಲ್ಲು ತುದಿಗೆ ಹೋಗಿ ಬಡಿದು ವಾಪಸ್ ಬರುತ್ತದೆ. ಪೆಟ್ಟಿಗೆಯಲ್ಲಿ ಆ ಕರಿ ಗುಟ್ಟಿ ಇತ್ತು. ಮುರಿದ ಪ್ಲಗ್ ಇರಬೇಕು ಎಂದು ನಾನೇ ಸ್ಕ್ರೂ ಡಬ್ಬಿಗೆ ಎಸೆದಿದ್ದೆ. ಅದನ್ನು ಹುಡುಕಿ ಹಾಕಿದೆ. ಜೊತೆಗೆ ಬಂದಿದ್ದ ಫ್ಲಾಪಿಗೆ ಬೂಸ್ಟು ಹಿಡಿದಿತ್ತು. ಹಳೇ ಮಶೀನುಗಳ ಗುರುತು ಹಿಡಿಯುವ ಬೇರೊಂದು ಪ್ರೋಗ್ರಾಮ್ ಹುಡುಕಿ ಮೊದಲೇ ತುಂಬಿಕೊಂಡಿದ್ದೆ. ಈ ನಡುವೆ ನರ್ಸಬಾಯಿಯ ಫೋನು ದಿನಾ ಬರುತ್ತಿತ್ತು. "ಏನಾತ್ರಿ?" ಎಂದಷ್ಟೇ ಕೇಳುತ್ತಿದ್ದರು. ಒಮ್ಮೆ ಮಾತ್ರ, "ನಿನ್ನೆ ದೊಡ್ಡವ್ವ ಮುಂದಿಟ್ಟ ಚಹಾದ ಕಪ್ಪ ತಡಕ್ಯಾಡಿದ್ಳಂತರಿ" ಎಂದು ಸೇರಿಸಿದರು. ಫೋನಿಟ್ಟ ಮೇಲೂ ಆ ಕಪ್ಪು ನನ್ನ ಕಣ್ಣ ಮುಂದೆಯೇ ಇತ್ತು.

ಕಡೆಗೂ ಸ್ಕ್ಯಾನರಿನ ಹಸಿರು ದೀಪ ಮಿಟುಕದೆ ನಿಂತಿತು. ಮಾಲೀಕರಿಗೆ ಫೋನ್ ಮಾಡಿದೆ. ತೆಂಗಿನಕಾಯಿ, ಊದಿನಕಡ್ಡಿ, ಬಾಳೆಹಣ್ಣು, ಕುಂಕುಮ, ವಿಭೂತಿ ಹಿಡಿದು ಧೋತರ ಉಟ್ಟೇ ಬಂದರು. ಡ್ಯೂಟಿ ಮುಗಿಸಿ ನರ್ಸಬಾಯಿಯೂ ಬಂದರು. ಅವರದು ಬೌದ್ಧ ಮನೆತನ. "ನಮ್ಮಲ್ಲಿ ಬುದ್ಧ ವಂದನಾ ಅಷ್ಟರಿ. ನೀವು ಮಾಡ್ರಿ, ನಾ ನಿಂತಿರತೀನಿ" ಎಂದು ಬಾಗಿಲ ಬಳಿ ನಿಂತರು. ಕಂಪ್ಯೂಟರ್ ಚಾಲೂ ಇತ್ತು, ಚಾಲೂ ಇದ್ದಾಗಲೇ ಪೂಜೆಯಾಗಬೇಕೆಂಬುದು ಮಾಲೀಕರ ಹಟ. ಕ್ಯಾಬಿನೆಟ್ಟಿಗೆ ಮೂರೆಳೆ ವಿಭೂತಿ ಎಳೆದರು. ಸ್ಕ್ಯಾನರಿನ ಬಾಯಿಯ ಮೇಲೆ, ಸರಿಯಾಗಿ ನಡುವೆ, ಹೆಬ್ಬೆರಳು ತುಂಬ ಕುಂಕುಮ ಒತ್ತಿದರು. ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿ ಎದುರಿಗೇ ಇಟ್ಟರು. ನಾನೂ ಕೈ ಮುಗಿದೆ, ಖುಷಿಯಲ್ಲಿ ಇನ್ನೊಂದು ಚಿಟಿಕೆ ನಾನೂ ಹಚ್ಚಿದೆ.

ನರ್ಸಬಾಯಿ ತಾವೇ ಪಟ್ಟಿಯನ್ನು ಫಿಲ್ಮ್ ಹಿಡಿದಿಡುವ ಪ್ಲಾಸ್ಟಿಕ್ ಹಿಡಿಕೆಗೆ ಕೂರಿಸಿದರು. ಸ್ಕ್ಯಾನರ್ ಗರ್ ಎಂದು ಅದನ್ನು ಒಳಗೆ ಎಳೆದುಕೊಂಡಿತು. ಪರದೆಯ ಮೇಲೆ ಚಿತ್ರ ಎಡದಿಂದ ಬಲಕ್ಕೆ ತೆರೆಯತೊಡಗಿತು. ಹಂದರದ ಕಂಬ, ಜಮಖಾನೆಯ ಪಟ್ಟೆ, ಮೊದಲನೆಯಾಕೆಯ ಬಳೆ. ಬಳೆಯ ಮೇಲಿನ ಹೊಳಪೂ ಕಾಣುತ್ತಿತ್ತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಆಮೇಲೆ ಮುಖ ಬಂತು. ಮುಖದ ಮೇಲೆ, ಎಡತುದಿಯಿಂದಲೇ ಶುರುವಾಗಿದ್ದ ಒಂದು ದಪ್ಪ ಬಿಳಿ ಗೆರೆ ಆಕೆಯ ಎರಡೂ ಕಣ್ಣುಗಳನ್ನು ಅಳಿಸಿಕೊಂಡು ಎರಡನೆಯಾಕೆಯ ಕಡೆ ಹೋಯಿತು, ಅಲ್ಲಿಂದ ಮೂರನೆಯಾಕೆಗೆ.

"ಕಣ್ಣ ಕಟ್ಟಿ ಕುಂಡ್ರಿಸಿದಂಗ ಕಾಣ್ತೈತ್ರಿ" ಎಂದರು ನರ್ಸಬಾಯಿ. ಸಂಜೆಯ ಬಸ್ಸಿಗೆ ವಾಪಸ್ ಹೋದರು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಕೈ ಕಡಿಯುತ್ತದೆ. ಮತ್ತೆ ಕೇಬಲ್ ಬದಲಿಸಿದೆ, ಕಾರ್ಡಿಗೆ ಮತ್ತೆ ರಬ್ಬರ್ ಉಜ್ಜಿದೆ, ಪ್ರೋಗ್ರಾಮ್ ಕಿತ್ತು ಮತ್ತೆ ಹಾಕಿದೆ. ನರ್ಸಬಾಯಿ ಬಂದಾಗ ಪಟ್ಟಿಯನ್ನು ಹಿಡಿಕೆಯಲ್ಲಿ ಒಂದು ಕೂದಲೆಳೆಯಷ್ಟು ಮೇಲೆ ಸರಿಸಿ ಸ್ಕ್ಯಾನ್ ಮಾಡಿದೆ. ಗೆರೆ ಕಣ್ಣಿನಿಂದ ಮೂಗಿಗೆ ಇಳಿಯಿತು. ಎರಡು ಸ್ಕ್ಯಾನ್ ಸೇರಿಸಿ ಒಂದು ಮಾಡೋಣ ಎಂದುಕೊಂಡರೆ ಹಣೆಯ ಮೇಲೆ ಹೊಸದೊಂದು ಗೆರೆ ಹುಟ್ಟಿತ್ತು. ಮುಂದಿನ ಸಲ ಬಾಯಿಯ ಮೇಲೆ ಮತ್ತೊಂದು. ಮಶೀನ್ ನನ್ನನ್ನು ಅಣಕಿಸುತ್ತಿದೆ ಅನ್ನಿಸಿತು. ಗಿರಾಕಿಗಳ ಫೋಟೋ ಕತ್ತರಿಸುತ್ತಿದ್ದರೂ ಕಣ್ಣು ಆ ಟವರಿನ ಮೇಲೇ ಇರುತ್ತಿತ್ತು. ಒಬ್ಬರ ಆಧಾರ್ ಕಾರ್ಡನ್ನು ಲ್ಯಾಮಿನೇಶನ್ ಮಾಡಿ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ.

ಮಾಲೀಕರಿಗೆ ಹೇಳಿದಾಗ ಅವರು ತುಂಬಾ ಯೋಚಿಸಿ, "ಪೂಜಿ ಬರೋಬ್ಬರಿ ಆಗಿಲ್ಲ ನೋಡು ತಂಗಿ. ಅಂದು ಗಡಿಬಿಡಿ ಮಾಡೀವಿ. ಇನ್ನೊಮ್ಮಿ ಮಾಡೂನು" ಎಂದರು. ನನಗೂ ಬೇರೆ ದಾರಿ ಕಾಣದೆ ಆಗಲಿ ಎಂದೆ. ಎರಡನೇ ಪೂಜೆ ಮೊದಲಿನದಕ್ಕಿಂತ ಜೋರಾಗಿ ಆಯಿತು, ಕುಂಕುಮವೂ ಜೋರಾಗಿಯೇ ಬಿತ್ತು. ಅಂದಿನ ಸ್ಕ್ಯಾನಿನಲ್ಲಿ ಐವರೂ ಜಾಳಿಗೆಯ ಹಿಂದೆ ಕುಳಿತಂತೆ ಕಂಡರು.

ನಿಜ ಸಂಗತಿ ತಿಳಿದದ್ದು ಒಂದು ಮುಂಜಾನೆ, ಅಂಗಡಿ ತೆರೆದಾಗ. ಕಸ ಹೊಡೆದು, ಟವರ್ ಚಾಲೂ ಮಾಡಿ, ದಿನದಂತೆ ಊದಿನಕಡ್ಡಿ ಹಚ್ಚಿ ಒಂದನ್ನು ಗಲ್ಲಾಪೆಟ್ಟಿಗೆಗೆ, ಒಂದನ್ನು ಮಶೀನಿನ ಎದುರು ಸಿಕ್ಕಿಸಿದೆ. ಫ್ಯಾನ್ ಇನ್ನೂ ಹಾಕಿರಲಿಲ್ಲ. ಗಲ್ಲಾಪೆಟ್ಟಿಗೆಯ ಕಡ್ಡಿಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಮಶೀನಿನ ಎದುರಿನ ಹೊಗೆ ಒಂದು ಗೇಣು ಏರಿ, ಬಾಗಿ, ಸೀದಾ ಸ್ಕ್ಯಾನರಿನ ಬಾಯಿಯೊಳಗೆ ಹೋಗುತ್ತಿತ್ತು. ಬಾಯಿಯ ಮೇಲಿದ್ದ ಕುಂಕುಮದ ಬೊಟ್ಟು ತೆಳ್ಳಗಾಗಿತ್ತು. ಕೆಳಗಡೆ ಒಂದು ಕಾಳೂ ಉದುರಿರಲಿಲ್ಲ.

ಪೊರಕೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟೆ. ಟವರಿನ ಹಿಂದೆ ಬಿಸಿಗಾಳಿ ಹೊರಹಾಕುವ ಫ್ಯಾನಿದೆ. ಹಿಂದಿನಿಂದ ಎಷ್ಟು ಗಾಳಿ ಹೋಗುತ್ತದೋ ಅಷ್ಟು ಮುಂದಿನಿಂದ ಒಳಗೆ ಬರಲೇಬೇಕು. ಮುಂದೆ ದೊಡ್ಡದಾಗಿ ತೆರೆದಿದ್ದ ಬಾಯಿ ಸ್ಕ್ಯಾನರಿನದು. ಸ್ಕ್ಯಾನರಿನೊಳಗೆ ಒಂದು ಕನ್ನಡಿ ಇರುತ್ತದೆ, ಫಿಲ್ಮಿನ ಬೆಳಕನ್ನು ಓದುವ ಕಣ್ಣಿನ ಕಡೆ ತಿರುಗಿಸುವುದು ಅದೇ. ಫಿಲ್ಮ್ ಚಲಿಸುತ್ತದೆ, ಕನ್ನಡಿ ಕದಲುವುದಿಲ್ಲ. ಕನ್ನಡಿಯ ಮೇಲೆ ಒಂದು ಕಣ ಕುಳಿತರೆ ಅದರ ನೆರಳು ಚಿತ್ರದ ಈ ತುದಿಯಿಂದ ಆ ತುದಿಯವರೆಗೆ ಗೆರೆಯಾಗುತ್ತದೆ. ನೆಗೆಟಿವನ್ನು ತಿರುಗಿಸಿದಾಗ ಕಪ್ಪು ನೆರಳು ಬಿಳಿ ಗೆರೆ. ಆ ಹೆಂಗಸರ ಕಣ್ಣು ಕಟ್ಟಿದ್ದು ನಾವು ಹಚ್ಚಿದ ಕುಂಕುಮ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕುಂಕುಮ ಒರೆಸಿ ಸುಮ್ಮನಾಗುವ ಹಾಗಿರಲಿಲ್ಲ. ಒಳಗೆ ಹೋದದ್ದು ಒಳಗೇ ಇತ್ತು. ಸ್ಕ್ಯಾನರನ್ನೇ ಬಿಚ್ಚಬೇಕು. ಆ ಕನ್ನಡಿ ನಮ್ಮ ಮನೆಯ ಕನ್ನಡಿಯಂತಲ್ಲ, ಅದರ ಬೆಳ್ಳಿ ಲೇಪ ಗಾಜಿನ ಮೇಲ್ಮೈಯಲ್ಲೇ ಇರುತ್ತದೆ, ಬೆರಳು ತಾಗಿದರೆ ಎದ್ದು ಬರುತ್ತದೆ. ಒಂದು ಗೀರು ಬಿದ್ದರೆ ಗೆರೆ ಕಾಯಂ. ಇನ್ನೊಂದು ಮಶೀನ್ ಎಲ್ಲಿಂದ ತರಲಿ? ಬಿಚ್ಚದಿದ್ದರೂ ದೊಡ್ಡವ್ವನ ಕಣ್ಣು ಕಾಯುವುದಿಲ್ಲ. ಅಂಗಡಿಯಿಂದ ಗುಡಿಯ ಮೂಲೆಯವರೆಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಚಹಾದವನು, "ಏನ್ರಿ ಅಕ್ಕಾರ, ಪ್ರದಕ್ಷಿಣಿ ಹಾಕಾಕತ್ತೀರೇನು?" ಎಂದು ಕಾಡಿಸಿದ.

ಮಾಲೀಕರಿಗೆ ಫೋನ್ ಮಾಡಿ ಹೊಗೆಯ ಕಥೆ ಹೇಳಿದೆ. 

"ಬಿಚ್ಚು ತಂಗಿ," ಎಂದರು. "ಒಡದ್ರ ಒಡೀತು. ಮಣೂಕದ ಶೆಡ್ಡಿನಾಗ ಬಿದ್ದು ಏನ ಮಾಡತಿತ್ತು ಅದು? ಕುಂಕುಮಾ ಹಚ್ಚಿದಾಂವ ನಾನ ಅಲ್ಲೇನು."

ನರ್ಸಬಾಯಿಗೂ ಎಲ್ಲ ಹೇಳಿದೆ. ಕೆಟ್ಟರೆ ಮತ್ತೆ ದಾರಿಯಿಲ್ಲ ಎಂದೂ ಹೇಳಿದೆ. "ಬಿಚ್ಚರಿ. ನಾನೂ ಬರ್ತೀನಿ" ಎಂದರು. ಬರುವಾಗ ಆಸ್ಪತ್ರೆಯಲ್ಲಿ ಬಳಸುವ ಜಾತಿಯ ಹೊಸ ಕೈಗವಸು, ಗಾಳಿ ಊದುವ ರಬ್ಬರಿನ ಬುಗ್ಗೆ ಕೊಂಡು ತಂದಿದ್ದರು.

ಫ್ಯಾನು ಬಂದ್ ಮಾಡಿ ಬಾಗಿಲು ಮುಂದೆ ಮಾಡಿದೆವು. ಅವರು ಟಾರ್ಚ್ ಹಿಡಿದರು. ಸ್ಕ್ಯಾನರನ್ನು ಟವರಿನಿಂದ ಹೊರಗೆಳೆದು ಮೇಲಿನ ತಗಡು ಎತ್ತಿದರೆ, ಒಳಗೆಲ್ಲ ನಸುಗೆಂಪು. ಮೂಲೆಯಲ್ಲಿ ಸಣ್ಣದೊಂದು ಕನ್ನಡಿ, ಕಿರುಬೆರಳಿನಷ್ಟು ಉದ್ದ, ಅದರ ಮೇಲೆ ಕುಂಕುಮದ ಕಾಳು. ಬುಗ್ಗೆಯಿಂದ ಊದಿದಾಗ ಬಹಳಷ್ಟು ಹಾರಿತು. ಆದರೂ ಊದಿನಕಡ್ಡಿಯ ಎಣ್ಣೆ ಜಿಡ್ಡಿಗೆ ಅಂಟಿದ್ದು ಹಾಗೇ ಉಳಿಯಿತು. ಲೆನ್ಸ್ ಒರೆಸುವ ಕಾಗದವನ್ನು ಮಡಚಿ, ಸ್ಪಿರಿಟ್ಟಿನಲ್ಲಿ ತುಸು ತೋಯಿಸಿ, ಒತ್ತದೆ, ಒಂದೇ ದಿಕ್ಕಿಗೆ, ಒಂದೇ ಸಲ ಎಳೆದೆ. ಕಾಗದ ಕೆಂಪಾಯಿತು. ಕನ್ನಡಿಯಲ್ಲಿ ಟಾರ್ಚಿನ ಬೆಳಕು ನೆಟ್ಟಗೆ ಹೊಳೆಯಿತು. ಇನ್ನೊಮ್ಮೆ ಒರೆಸಲು ಕೈ ತುರಿಸುತ್ತಿತ್ತು. ನರ್ಸಬಾಯಿ ನನ್ನ ಮಣಿಕಟ್ಟು ಹಿಡಿದು, "ಸಾಕ್ರಿ" ಎಂದರು.

ಅದನ್ನು ಮತ್ತೆ ಹೊಟ್ಟೆಯೊಳಗೆ ಕೂರಿಸಲಿಲ್ಲ. ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಸ್ಕ್ಯಾನರ್ ಇಟ್ಟು, ಟವರಿನ ಬದಿಯಿಂದ ಕೇಬಲ್ಲನ್ನೂ ಕರೆಂಟಿನ ತಂತಿಯನ್ನೂ ಹೊರಗೆಳೆದು ಸಿಕ್ಕಿಸಿದೆ. ಒಳಗೆ ಕೂರಲೆಂದೇ ಹುಟ್ಟಿದ ಮಶೀನ್ ಹೊರಗೆ ಕೂತಿತು. ಟವರಿನ ಫ್ಯಾನು ಏನು ಬೇಕೋ ಅದನ್ನು ಎಳೆದುಕೊಳ್ಳಲಿ.

ಚಿತ್ರ ಎಡದಿಂದ ಬಲಕ್ಕೆ ತೆರೆಯಿತು. ಬಳೆ, ಸೆರಗು, ಮುಖ, ಕಣ್ಣು. ಗೆರೆಯಿಲ್ಲ. ಎರಡನೆಯಾಕೆ ನಗುತ್ತಿದ್ದಳು. ಮೂರನೆಯಾಕೆ ಬಂದಾಗ ನರ್ಸಬಾಯಿಯ ಕೈಯಿಂದ ಟಾರ್ಚು ಮೇಜಿಗೆ ಬಿತ್ತು. ಅವರದೇ ಮೂಗು, ಅವರದೇ ಗದ್ದ. "ಇಕೀನರಿ. ನಾ ಮೊದಲ ಹೇಳಿದ್ದಿಲ್ಲ?" ಎಂದು ಅಳುತ್ತ ನಕ್ಕರು. ನನಗೂ ಅನುಮಾನ ಉಳಿಯಲಿಲ್ಲ.

ನಾಲ್ಕನೆಯಾಕೆಯ ಮುಖವೂ ಚೊಕ್ಕ ಬಂತು. ಐದನೆಯಾಕೆ ಇದ್ದದ್ದು ಪಟ್ಟಿಯ ತುದಿಯಲ್ಲಿ, ಬೆಳಕು ಸೋರಿ ಕೆಂಪೇರಿದ ಅಂಚಿನಲ್ಲಿ. ಆಕೆ ತಲೆ ತಗ್ಗಿಸಿದ್ದಳು, ಹಣೆ, ಬೈತಲೆ ಬಿಟ್ಟರೆ ಮುಖವೇ ಇಲ್ಲ. ಮಡಿಲಲ್ಲಿ ಬಿಳಿ ಬಟ್ಟೆಯ ಗುಡ್ಡೆ, ಆಯೇರಿಯ, ಮದುವೆಯ ಉಡುಗೊರೆ ಬಟ್ಟೆಯ ಗಂಟಿರಬೇಕು. ಅದರ ಅಂಚಿನಲ್ಲಿ ಒಂದು ಕಂದು ಚುಕ್ಕೆ. ಫಿಲ್ಮಿನ ಗೀರು ಎಂದುಕೊಂಡೆ. ಕೈ ಸುಮ್ಮನಿರಬೇಕಲ್ಲ, ಚುಕ್ಕೆ ಅಳಿಸಿ, ಆ ಕೆಟ್ಟ ಅಂಚನ್ನು ಐದನೆಯಾಕೆಯ ಸಮೇತ ಕತ್ತರಿಸಿ ನಾಲ್ವರನ್ನೇ ದೊಡ್ಡದು ಮಾಡೋಣ ಎಂದೆ.

"ಬ್ಯಾಡ್ರಿ. ಹೆಂಗೈತಿ ಹಂಗ ಇರ್ಲಿ. ತಿದ್ದಿದ್ದ ಎರಡ ಸಲ ನೋಡೇನಿ" ಎಂದರು ನರ್ಸಬಾಯಿ.

ದೊಡ್ಡ ಹಾಳೆಯಲ್ಲಿ ಮುದ್ರಿಸಿ ಸುರುಳಿ ಸುತ್ತಿದೆ. ಕೊಟ್ಟು ಕಳಿಸಿದ್ದರೆ ನನ್ನ ಕೆಲಸ ಮುಗಿದಿತ್ತು, ನನ್ನಿಂದ ಆಗಲಿಲ್ಲ. ಮರುದಿನ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಬಬಲೇಶ್ವರದ ಬಸ್ಸು ಹತ್ತಿದೆ, ಅಲ್ಲಿಂದ ಕಾಖಂಡಕಿಗೆ. ದಾರಿಯುದ್ದಕ್ಕೂ ಅವರು ಸುರುಳಿಯನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದರು. ನಾನು ಕಿಟಕಿ ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

ದೊಡ್ಡವ್ವ ಬಾಗಿಲ ಬದಿಯ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕುಳಿತಿದ್ದರು. "ಕೊಳವ್ಯಾಗಿಂದ ನೋಡಿದಂಗ ಕಾಣ್ತೈತಿ ಯವ್ವಾ, ಅಷ್ಟ ಉಳದೈತಿ" ಎನ್ನುತ್ತ ಹಾಳೆಯನ್ನು ಕಣ್ಣಿನ ಹತ್ತಿರ ಒಯ್ದರು. ಒಂದೇ ನೋಟಕ್ಕೆ ಇಡೀ ಚಿತ್ರ ಅವರಿಗೆ ಸಿಗುತ್ತಿರಲಿಲ್ಲ. ಹಾಳೆಯನ್ನು ಎಡತುದಿಯಿಂದ ಹಿಡಿದು ನಿಧಾನವಾಗಿ ಸರಿಸುತ್ತ, ಒಂದೊಂದೇ ಮುಖ ಆ ಕಣ್ಣಿನ ಎದುರಿಗೆ ತಂದುಕೊಂಡರು. ನನ್ನ ಮೇಜಿನ ಮಶೀನ್ ಓದಿದ್ದೂ ಹೀಗೆಯೇ.

"ಇಕಿ ಮದಿಮಗನ ಅತ್ತಿ. ಇಕಿ ಅರಕೇರಿಯಾಕಿ, ಯಾವಾಗೂ ನಗತಿದ್ಳು." ಹಾಳೆ ಸರಿಯಿತು, ಮೂರನೆಯ ಮುಖ ಬಂತು. ನರ್ಸಬಾಯಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದರು.

ದೊಡ್ಡವ್ವ ನಕ್ಕರು. "ಇದೇನು, ಇಕಿ ನಾನ ಅಲ್ಲೇನ! ಆಗ ಎಷ್ಟ ಸಣ್ಣಾಕಿ ಇದ್ದೆ ನೋಡ."

ನನ್ನ ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ನಾಲ್ಕನೆಯಾಕೆ ಯಾರದೋ ನಾದಿನಿ. ಹಾಳೆ ಮತ್ತೆ ಸರಿಯಿತು, ಕೆಂಪೇರಿದ ಅಂಚಿಗೆ ಬಂದು ನಿಂತಿತು, ಅಲ್ಲಿಂದ ಕದಲಲಿಲ್ಲ. ದೊಡ್ಡವ್ವ ಬಹಳ ಹೊತ್ತು ನೋಡಿದರು.

"ಇಲ್ಲೇ ಕುಂತಾಳಲ್ಲ ನಿಮ್ಮವ್ವ" ಎಂದರು.

"ಮುಖ ಕಾಣವಲ್ದಲ್ಲ ದೊಡ್ಡವ್ವಾ." ನರ್ಸಬಾಯಿ ಹಾಳೆಯ ಹತ್ತಿರ ಸರಿದರು.

"ಎಲ್ಲಿಂದ ಕಾಣಬೇಕು? ಫೋಟೋ ತಗಿಯಾಂವ ಇತ್ತ ನೋಡ್ರಿ, ಇತ್ತ ನೋಡ್ರಿ ಅಂತ ಒದರಿ ಒದರಿ ಸಾಕಾದ. ನೀ ಮಡ್ಲಾಗ ಚೀರಾಕತ್ತಿದ್ದಿ. ಆಕಿ ತಲಿ ಎತ್ತಲಿಲ್ಲ. ನಿನ್ನ ನೋಡಕೋತ ಕುಂತಳು. ಇದ ನಿನ್ನ ಕೈ ನೋಡಲ್ಲೇ."

ದೊಡ್ಡವ್ವನ ಬೆರಳು ಬಿಳಿ ಬಟ್ಟೆಯ ಅಂಚಿನ ಕಂದು ಚುಕ್ಕೆಯ ಮೇಲಿತ್ತು. ನಾನು ಬಗ್ಗಿ ನೋಡಿದೆ. ಮುಚ್ಚಿದ ಸಣ್ಣ ಮುಷ್ಟಿ. ಗೀರು ಎಂದು ನಾನು ಅಳಿಸಲು ಹೊರಟಿದ್ದು ಅದನ್ನೇ. 

ಒಳಗಿನಿಂದ ಚಹಾ ತಂದ ದೊಡ್ಡವ್ವನ ಸೊಸೆ ಹಾಳೆಯನ್ನು ನೋಡಿ ಮರುಗಿದಳು. "ಅಯ್ಯ ಪಾಪ, ಇಷ್ಟ ಮಾಡಿ ಮುಖಾನ ಇಲ್ಲಲ್ರಿ" ಎಂದು ನನ್ನ ಕಡೆ ತಿರುಗಿದಳು. "ಈಗ ಕಂಪ್ಯೂಟರಿನ್ಯಾಗ ಏನ ಬೇಕಾದ್ದು ಆಗತೈತಂತಲ್ರಿ ಅಕ್ಕಾರ. ಒಂಚೂರು ಮುಖಾ ಮ್ಯಾಲೆ ಎತ್ತಾಕ ಬರೂದಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ನರ್ಸಬಾಯಿ ಹಾಳೆಯನ್ನು ದೊಡ್ಡವ್ವನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ಎತ್ತಬ್ಯಾಡ್ರಿ" ಎಂದರು. "ನನ್ನ ನೋಡಾಕತ್ತಾಳ."